ಹೂಗಿಡದ ಅಂಗಡಿಯ ಎಲೆ

ಈಸ್ಟ್ ಹ್ಯಾಮ್, ಲಂಡನ್
26 ಸೆಪ್ಟೆಂಬರ್ 2025, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಬೆನ್ನುನೋವು ಹೇಗಿದೆ? ಕುಂದಾಪುರದ ಡಾಕ್ಟರು ಕೊಟ್ಟ ಬೆಲ್ಟನ್ನು ಕಟ್ಟುತ್ತೀಯೋ, ಇಲ್ಲ ಬಾಗಿಲ ಹಿಂದೆ ನೇತು ಹಾಕಿದ್ದೀಯೋ? ಪುಟ್ಟಿಯ ಕೆಮ್ಮು ಕಡಿಮೆಯಾಯಿತಾ? ಅಮ್ಮ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳಾ? ನನ್ನ ಮೈಗೆ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಐದು ದಿವಸದಿಂದ ಅನ್ನ ಇಳಿಯುತ್ತಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ನೀನು ಫೋನೆತ್ತಿದರೆ ಭಾವ ಸ್ಪೀಕರಿಗೆ ಹಾಕುತ್ತಾರೆ, ಪಕ್ಕದಲ್ಲಿ ನಿನ್ನ ಅತ್ತೆ ಇರುತ್ತಾರೆ. ನಮ್ಮ ಹೋಟೆಲಿನ ಅನಿರುದ್ಧ ಸೋಮವಾರ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಹತ್ತನೇ ಕ್ಲಾಸಿನ ನಂತರ ಇಷ್ಟುದ್ದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಧನಿ ಕರುಣಾಕರಣ್ಣ ಮನೆಯವರನ್ನೆಲ್ಲ ಕರೆದುಕೊಂಡು ಮಯೋರ್ಕ ಎಂಬ ದ್ವೀಪಕ್ಕೆ ಒಂದು ವಾರ ಹೋಗಿದ್ದರು. ಅದು ಸ್ಪೇನಿಗೆ ಸೇರಿದ್ದು, ಸುತ್ತ ಸಮುದ್ರ. ಅವರ ತಾಯಿಗೆ ಎಪ್ಪತ್ತೆಂಟು ವರ್ಷ, ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಅವರು ಹೊರಗಿನವರು ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಅದಕ್ಕೇ ನನಗೂ ವೀಸಾ ಮಾಡಿಸಿ ಅಡುಗೆಗೆಂದು ಕರೆದುಕೊಂಡು ಹೋದರು. ಕರುಣಾಕರಣ್ಣನ ಹೆಂಡತಿ ಚಂಪಕ್ಕ ಪೆಟ್ಟಿಗೆಯಲ್ಲಿ ಮಿಕ್ಸಿಯನ್ನೂ ತುಂಬಿದ್ದರು. ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿಸಿ, ತಿರುಗಿಸಿ, ಮೂಸಿ ನೋಡಿದರು!

ಅಲ್ಲಿ ನಮ್ಮ ಕಡೆಯ ಹಾಗೆಯೇ, ದಿನಕ್ಕೊಂದು ಊರಿನಲ್ಲಿ ಸಂತೆ ಅಕ್ಕ. ಬುಧವಾರ ಸಿನೆವು ಎಂಬ ಊರಿನಲ್ಲಿ. ಕುರಿ, ಕೋಳಿ, ಬಾತುಗಳನ್ನು ಪಂಜರದಲ್ಲಿಟ್ಟು ಮಾರುತ್ತಾರೆ. ಮುದುಕರು ಕೋಲೂರಿ ನಿಂತು ಕುರಿಯ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಗುರುವಾರ ಇಂಕಾದಲ್ಲಿ, ಅಲ್ಲಿ ಚರ್ಮದ ಬೆಲ್ಟು, ಬಟ್ಟೆ. ಸಣ್ಣ ಟೊಮೆಟೊಗಳನ್ನು ದಾರದಲ್ಲಿ ಮಾಲೆ ಕಟ್ಟಿ ತೂಗುಹಾಕಿರುತ್ತಾರೆ. ಉಪ್ಪು ಹಾಕಿದ ಬೂತಾಯಿಯಂಥ ಮೀನನ್ನು ದೊಡ್ಡ ದುಂಡು ಡಬ್ಬದಲ್ಲಿ, ತಲೆ ಒಳಗೆ ಬಾಲ ಹೊರಗೆ, ಚಕ್ರದ ಹಾಗೆ ಜೋಡಿಸಿರುತ್ತಾರೆ. ದೊಡ್ಡಮ್ಮ ಗಾಲಿಕುರ್ಚಿಯಲ್ಲಿ ಕೂತು ಕಣ್ಣರಳಿಸಿ, "ನಮ್ಮೂರ್ ಸಂತೆಯೇ ಇಲ್ಲಿಗ್ ಬಂದ್ ಕೂಕಂಡಿತ್ ಕಾಣ್ ಮಾಣಿ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಎರಡು ವರ್ಷ ಈ ಹೋಟೆಲಿನ ಅಡುಗೆಮನೆಯ ಬಿಳಿ ಗೋಡೆ ನೋಡಿ ನೋಡಿ ಸಾಕಾಗಿತ್ತಲ್ಲ, ಸಂತೆ ಕಂಡದ್ದೇ ಕಾಲು ನಿಲ್ಲಲಿಲ್ಲ. ಅವರು ಒಂದು ಕಡೆ ಇದ್ದರೆ ನಾನು ಇನ್ನೊಂದು ಬೀದಿಯಲ್ಲಿ. ಕರುಣಾಕರಣ್ಣ ದಿನಾ ಬೈಯುತ್ತಿದ್ದರು. "ಎಲ್ಲಿಗ್ ಹೋಯಿದ್ಯಾ ಮಾರಾಯ? ಕಾಲಿಗ್ ಚಕ್ರ ಕಟ್ಕಂಡಿದ್ಯಾ?"

ಶನಿವಾರ ಸಂಜೆ ನಮ್ಮ ವಿಮಾನ. ಬೆಳಿಗ್ಗೆ ಸಾಂತಾನ್ಯಿ ಎಂಬ ಊರಿನ ಸಂತೆಗೆ ಹೋದೆವು. ಅಲ್ಲೂ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಒಬ್ಬಳು ಮುದುಕಿ ಹೂಗಿಡದ ಕುಂಡಗಳನ್ನಿಟ್ಟು ಕೂತಿದ್ದಳು. ಅದರ ನಡುವೆ ಒಂದು ಕೆಸುವಿನ ಗಿಡ! ಮೊರದಗಲ ಎಲೆ, ನೀರು ಹಾಕಿದರೆ ಜಾರುವಂಥದ್ದು. ಅಕ್ಕ, ನನಗೆ ಖುಷಿ ತಡೆಯಲಿಲ್ಲ. ಇಲ್ಲಿ ಲಂಡನ್ನಿನ ಅಂಗಡಿಯಲ್ಲೂ ಕೆಸುವಿನೆಲೆ ಸಿಗುತ್ತದೆ, ಆದರೆ ಬರುವಷ್ಟರಲ್ಲಿ ಬಾಡಿರುತ್ತದೆ. ಅದರಲ್ಲಿ ಪತ್ರೊಡೆ ಮಾಡಿಕೊಟ್ಟಾಗೆಲ್ಲ ದೊಡ್ಡಮ್ಮ, "ಇದ್ ಎಲೆ ಅಲ್ಲ ಮಾಣಿ, ರಟ್ಟ್" ಎಂದು ಬದಿಗೆ ಸರಿಸುತ್ತಿದ್ದರು. ಆರು ಎಲೆ ಕೊಯ್ದು ಕೊಡು ಎಂದು ಕೈಸನ್ನೆ ಮಾಡಿದೆ. ಸುರುಳಿ ಸುತ್ತಿ ಬಾಯಿಗೆ ಹಾಕಿಕೊಳ್ಳುವ ಹಾಗೆ ತೋರಿಸಿದೆ. ಮುದುಕಿ ಗಾಬರಿಯಾದಳು. ಬಾಯಿ ಮುಟ್ಟಿಕೊಂಡಳು, ಬೆರಳು ಆಡಿಸಿ ಬೇಡ ಬೇಡ ಎಂದಳು, ಗಂಟಲು ಹಿಡಿದು ತೋರಿಸಿದಳು.

ಇದನ್ನೇ ನಾನು ಯಾರಿಗೂ ಹೇಳಿಲ್ಲ ಅಕ್ಕ. ಅವಳು ಹೇಳಿದ್ದು ನನಗೆ ಅರ್ಥವಾಗಿತ್ತು. ಕೆಸು ತುರಿಸುತ್ತದೆ ಎನ್ನುತ್ತಿದ್ದಾಳೆ, ಅದು ನಮಗೆ ಗೊತ್ತಿಲ್ಲವೇ, ಹುಣಸೆಹುಳಿ ಹಾಕಿದರೆ ಆಯಿತು, ಇವಳಿಗೇನು ಗೊತ್ತು ಪತ್ರೊಡೆ, ಎಂದು ನಗಾಡಿದೆ. ಕೊನೆಗೆ ಮನೆಯಲ್ಲಿ ಬರೀ ಅಂದಕ್ಕೆ ಇಡುತ್ತೇನೆ ಎಂಬಂತೆ ಕೈ ತೋರಿಸಿದೆ. ಆಗ ಕೊಯ್ದು ಕೊಟ್ಟಳು. ವಾಪಸ್ ಬಂದಾಗ ಕರುಣಾಕರಣ್ಣ ಬೈಯಬಾರದೆಂದು, ಚಂದದ ತರಕಾರಿ ಅಂಗಡಿ ಸಿಕ್ಕಿತು, ಕೆಸು ತಂದೆ ಎಂದೆ. ದೊಡ್ಡಮ್ಮ ಎಲೆಯನ್ನು ಕೆನ್ನೆಗೆ ಒತ್ತಿಕೊಂಡರು.

ಒದ್ದೆ ಟವೆಲಿನಲ್ಲಿ ಸುತ್ತಿ ತಂದೆ. ಭಾನುವಾರ ಅವರ ಮನೆಯಲ್ಲೇ ಮಾಡಿದೆ. ಅಕ್ಕಿ, ಕೊತ್ತಂಬರಿ, ಒಣಮೆಣಸು, ಹುಳಿ ಎಲ್ಲ ನೀನು ಹೇಳಿಕೊಟ್ಟ ಹಾಗೆ. ಎಲೆಗೆ ಹಚ್ಚುವಾಗಲೇ ಕೈ ಉರಿಯಿತು. ಹುಳಿ ಇನ್ನಷ್ಟು ಹಾಕಿದೆ. ಬೆಂದ ಮೇಲೆ ಒಂದು ಚೂರು ಬಾಯಿಗಿಟ್ಟೆ, ನಾಲಿಗೆಗೆ ಸೂಜಿ ಚುಚ್ಚಿದ ಹಾಗಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ಆದರೆ ದೊಡ್ಡಮ್ಮ ತಟ್ಟೆ ಹಿಡಿದು ಕೂತಾಗಿತ್ತು. ಅಣ್ಣ ಹೋಟೆಲಿನಲ್ಲಿದ್ದರು, ಚಂಪಕ್ಕನಿಗೆ ಉಪವಾಸ, ಮಗಳು ಕೃತಿ ಮೂಗು ಹಿಡಿದು "ಇಟ್ ಸ್ಮೆಲ್ಸ್ ವಿಯರ್ಡ್, ಅಜ್ಜಿ" ಎಂದು ಎದ್ದುಹೋದಳು. ದೊಡ್ಡಮ್ಮ ಒಬ್ಬರೇ ತಿಂದರು. ಅವರಿಗೂ ತುರಿಸಿತು. ಕೆಮ್ಮಿದರು. ನಾನು ಸಾಕು ದೊಡ್ಡಮ್ಮ ಎಂದೆ. ಅವರು ನಗುತ್ತಾ, "ಗಂಟ್ಲ್ ಚೂರ್ ತುರ್ಸದಿದ್ರೆ ಅದ್ ಎಂತ ಪತ್ರೊಡೆ ಮಾಣಿ? ಇನ್ನೊಂದ್ ಹಾಕ್" ಎಂದರು. ಹಾಕಿದೆ. ಈ ಕೈಯಲ್ಲೇ ಹಾಕಿದೆ.

ಅರ್ಧ ಗಂಟೆಯೊಳಗೆ ತುಟಿ ದಪ್ಪವಾಯಿತು. ಜೊಲ್ಲು ನುಂಗಲಿಕ್ಕಾಗಲಿಲ್ಲ. ಮಾತಿನ ಬದಲು ಗೊರಗೊರ ಶಬ್ದ ಬಂತು. ಚಂಪಕ್ಕ ಆಂಬುಲೆನ್ಸಿಗೆ ಫೋನು ಮಾಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದರು ಎಂದು ಕೇಳಿದಾಗ ಕರುಣಾಕರಣ್ಣ, ಇದು ನಮ್ಮ ಮನೆಯ ತಿಂಡಿ, ಅಮ್ಮ ಚಿಕ್ಕಂದಿನಿಂದ ತಿನ್ನುವುದು ಎಂದರು. ಎಲೆ ಎಲ್ಲಿಯದ್ದು ಎಂದು ಡಾಕ್ಟರು ಮತ್ತೆ ಕೇಳಿದರು. ಅಣ್ಣ ನನ್ನ ಕಡೆ ತಿರುಗಿ, "ತರಕಾರಿ ಅಂಗಡಿದ್ದೇ ಅಲ್ದಾ?" ಎಂದರು. ನಾನು ಹೌದೆಂದು ತಲೆ ಆಡಿಸಿದೆ.

ಬಾಯಿ ತೆರೆದು ಹೇಳಿದ್ದಲ್ಲ, ಬರೀ ತಲೆ ಆಡಿಸಿದ್ದು. ಅದರಿಂದ ಏನಾಯಿತು ಕೇಳು. ಹಾಗಾದರೆ ಬಿಪಿ ಗುಳಿಗೆ ಆಗದೆ ಬಂದ ಊತ ಇರಬೇಕು, ಕೆಲವರಿಗೆ ವರ್ಷಗಟ್ಟಲೆ ತೆಗೆದುಕೊಂಡ ಮೇಲೂ ಹಾಗಾಗುತ್ತದಂತೆ ಎಂದು ಡಾಕ್ಟರು ಆ ಗುಳಿಗೆ ನಿಲ್ಲಿಸಿದರು. ಬದಲಿಗೆ ಕೊಟ್ಟದ್ದು ದೊಡ್ಡಮ್ಮನಿಗೆ ಹಿಡಿಯುತ್ತಿಲ್ಲ. ಊತ ಇಳಿದಿದೆ, ಆದರೆ ಬಿಪಿ ನೂರತೊಂಬತ್ತರಿಂದ ಕೆಳಗೆ ಬರುತ್ತಿಲ್ಲವಂತೆ. ನಿನ್ನೆ ಬಲಗೈ ಜೋಮು ಹಿಡಿದ ಹಾಗಿದೆ ಎಂದರಂತೆ.

ಆ ಗಿಡದ ಫೋಟೋ ನನ್ನ ಫೋನಿನಲ್ಲಿದೆ. ಹುಡುಕಿ ನೋಡಿದೆ. ಅದು ಕೆಸುವೇ ಅಲ್ಲ ಅಕ್ಕ, ಅದರ ದಾಯಾದಿ. ಅಂದಕ್ಕೆ ಬೆಳೆಸುವುದು, ತಿನ್ನಬಾರದು. ನಮ್ಮ ಬಾವಿಕಟ್ಟೆಯ ಹತ್ತಿರದ ಕೆಸುವಿನಲ್ಲಿ ತೊಟ್ಟು ಎಲೆಯ ಬೆನ್ನಿಗೆ, ಒಳಗಡೆ ಅಂಟಿರುತ್ತದೆ. ಇದರಲ್ಲಿ ಎಲೆಯ ಬುಡದ ಸೀಳಿನ ತುದಿಯಲ್ಲೇ ಸೇರುತ್ತದೆ. ಚಿಕ್ಕ ಮಕ್ಕಳಿಗೂ ಗೊತ್ತಾಗುವ ವ್ಯತ್ಯಾಸ. ನನಗೆ ಕಾಣಲಿಲ್ಲ.

ಹೇಳಬೇಕೆಂದು ದಿನಾ ಹೊರಡುತ್ತೇನೆ. ಆಮೇಲೆ ನನ್ನ ವೀಸಾ ನೆನಪಾಗುತ್ತದೆ, ಅದು ಕರುಣಾಕರಣ್ಣನ ಹೋಟೆಲಿನ ಹೆಸರಿನಲ್ಲೇ ಇದೆ. ಅವರು ಬೇಡ ಎಂದ ದಿವಸ ಇಲ್ಲಿ ನನ್ನ ಲೆಕ್ಕ ಮುಗಿಯಿತು. ಅವರು ಭಾವನ ಸೋದರಮಾವನ ಮಗ. ಸಂಬಂಧದ ಹುಡುಗ ಎಂದು ಕರೆಸಿಕೊಂಡವರ ತಾಯಿಗೇ ಹೀಗೆ ಮಾಡಿದ ಎಂದು ಊರೆಲ್ಲ ಸುದ್ದಿಯಾದರೆ ಆ ಮನೆಯಲ್ಲಿ ನೀನು ಹೇಗೆ ತಲೆ ಎತ್ತುತ್ತೀಯ? ಪೊಲೀಸರಿಗೆ ಕೊಡುತ್ತಾರೋ ಏನೋ, ಅದೂ ಗೊತ್ತಿಲ್ಲ. ಬಾಗಿಲ ಬೆಲ್ಲು ಹೊಡೆದರೆ ಮೊದಲು ಕಿಟಕಿಯಲ್ಲಿ ಇಣುಕುತ್ತೇನೆ. ಹೇಳದಿದ್ದರೆ ಡಾಕ್ಟರು ಹಳೆಯ ಗುಳಿಗೆ ಮತ್ತೆ ಕೊಡುವುದಿಲ್ಲ, ಬೇರೆ ಮದ್ದು ಹುಡುಕುತ್ತಾ ಇರುತ್ತಾರೆ. ಏನು ಮಾಡಲಿ ಅಕ್ಕ? ನೀನು ಉತ್ತರ ಬರೆಯುವಷ್ಟರಲ್ಲಿ ಎಷ್ಟು ದಿವಸ ಆಗುತ್ತದೋ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಅಮ್ಮನಿಗೆ ಏನೂ ಹೇಳಬೇಡ. ಅವಳಿಗೂ ಭಾವನಿಗೂ ನನ್ನ ನಮಸ್ಕಾರ. ಪುಟ್ಟಿಗೆ ಒಂದು ಮುತ್ತು. ನೀನು ಭಾರ ಎತ್ತಬೇಡ.

ನಿನ್ನ ತಮ್ಮ,
ರಜತ್

ಮರೆತ ಮಾತು: ಅಕ್ಕ, ಅವಸರದಲ್ಲಿದ್ದೇನೆ, ಅಕ್ಷರ ಸೊಟ್ಟ ಬರುತ್ತಿದೆ. ಮೇಲಿನದನ್ನು ಮುಗಿಸುವಾಗ ಚಂಪಕ್ಕನ ಫೋನು ಬಂತು. "ಅತ್ತೆಗ್ ಈಗ ನುಂಗೂಕ್ ಆತಿತ್. ಆಸ್ಪತ್ರೆ ಊಟ ಸೇರುದಿಲ್ಲ, ಪತ್ರೊಡೆ ಬೇಕ್ ಅಂತಿದ್ರ್. ಮನೆ ಫ್ರೀಜರಂಗೆ ಉಳ್ದದ್ ಎರಡ್ ತುಂಡ್ ಬಿಸಿ ಮಾಡಿ ತಕಂಡ್ ಬಾ" ಎಂದರು. ಬೇಡ ಚಂಪಕ್ಕ, ಅದನ್ನು ಯಾರೂ ಮುಟ್ಟಬೇಡಿ, ಅದು ಕೆಸು ಅಲ್ಲ, ಎಂದು ಕೂಗಿಬಿಟ್ಟೆ. ಏನು ಹೇಳಿದೆನೋ, ಎಲ್ಲ ಒಟ್ಟಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಇವ್ರಿಗ್ ನಾನ್ ಹೇಳುದಿಲ್ಲ. ನೀನೇ ಬಂದ್ ಹೇಳ್" ಎಂದು ಇಟ್ಟರು. ಈಗ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕೂತು ಇಷ್ಟು ಬರೆದೆ. ಗಿಡದ ಫೋಟೋ ತೆರೆದಿಟ್ಟುಕೊಂಡಿದ್ದೇನೆ. ಕರುಣಾಕರಣ್ಣ ವಾರ್ಡಿನಿಂದ ಹೊರಗೆ ಬಂದರು. ಐದು ದಿವಸದ ಗಡ್ಡ. ನನ್ನನ್ನು ಕಂಡು, "ಬಂದ್ಯಾ ಮಾಣಿ? ಉಂಡ್ಯಾ?" ಎಂದು ಕೇಳಿದರು. ಅವರ ಹಿಂದೆಯೇ ಡಾಕ್ಟರೂ ಬರುತ್ತಿದ್ದಾರೆ. ಎದ್ದೆ ಅಕ್ಕ.