ಮೂರಡಿ ತೊಟ್ಟಿಗೆ ಒಂದೇ ಮೀನು

ಭಾನುವಾರ, ಮಾರ್ಚ್ ೯

ನಮ್ಮ ಮನೆಯ ಮಹಾರಾಯಿತಿಗೆ ಅತ್ತೆಯ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದ ತಲುಪಿ ಹನ್ನೆರಡು ದಿನವಾಯಿತು. ಮಂಡಿನೋವು, ಅದಕ್ಕೇ ಉತ್ತರ ತಡ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ಮಂಡಿ ಚೆನ್ನಾಗಿಯೇ ಇದೆ. ನನಗೆ ಸಿಟ್ಟು ಬಂದಿತ್ತು.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಬರೆದಿದ್ದಾಳೆಂದರೆ ಏನೋ ಇದೆ ಎಂದು ಲಕೋಟೆ ಒಡೆಯುವ ಮೊದಲೇ ಗೊತ್ತಾಯಿತು. ಬರೆದದ್ದಾದರೂ ಏನು? ಆಸ್ಪತ್ರೆಯ ತರಬೇತಿ ಮುಗಿಸಿ ಮನೆಗೆ ಬರಲು ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ಆ ಖಾಲಿ ಗಾಜಿನ ತೊಟ್ಟಿಗೆ ಒಂದು ಮೀನು ನೋಡಿಡಿ, ಒಂದೇ ಒಂದು, ಬಂದವರು ನಿಂತು ನೋಡುವಂಥದ್ದು, ಬಸ್ ನಿಲ್ದಾಣದ ಹಿಂದಿನ ಅಂಗಡಿಗೇ ಹೋಗಿ, ಬೇರೆ ಕಡೆ ಬೇಡ. ಅಂಗಡಿಯವರು ಒಳ್ಳೆಯವರು ಎಂಬ ಮಾತು ಎರಡು ಪುಟದಲ್ಲಿ ಮೂರು ಸಲ ಬಂದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮೂವತ್ತೊಂದು ವರ್ಷ ಶಾಲೆಯ ಕಚೇರಿಯಲ್ಲಿ ಕೂತು ಊರವರ ಅರ್ಜಿ ಓದಿದವಳು ನಾನು. ನೀನು ನನ್ನನ್ನು ಕಳಿಸಿದ್ದು ಮೀನು ನೋಡಲಿಕ್ಕಲ್ಲ, ಮೀನಿನವರನ್ನು ನೋಡಲಿಕ್ಕೆ.

ಅನುಮಾನ ಮೊದಲೇ ಇತ್ತು ಬಿಡು. ತೊಟ್ಟಿ ಮಾರಿಬಿಡೋಣ ಎಂದು ಕಳೆದ ವರ್ಷ ಆ ಅಂಗಡಿಗೆ ಹೋದವಳು ನೀನು. ಐದು ಸಲ ಹೋದೆ. ತೊಟ್ಟಿ ಇದ್ದಲ್ಲೇ ಇತ್ತು, ನೀನು ಮಾತ್ರ ಹೋಗುತ್ತಲೇ ಇದ್ದೆ.

ಸಿಟ್ಟು ಯಾಕೆಂದು ಬಿಚ್ಚಿ ಹೇಳುತ್ತೇನೆ. ನಿನಗೆ ಇನ್ನೊಂದು ಮದುವೆ ಆಗಬಾರದು ಎಂದಲ್ಲ. ಮೂವತ್ತಾರು ವರ್ಷದವಳು ಸಂಜೆ ಮನೆಗೆ ಬಂದು ನನ್ನ ಮಾತ್ರೆ ಎಣಿಸುತ್ತಾ ಕೂರುವುದನ್ನು ನೋಡಿ ಎಷ್ಟೋ ಸಲ ನಾನೇ ಹೇಳಬೇಕೆಂದುಕೊಂಡಿದ್ದೆ, ಬಾಯಿ ಬರಲಿಲ್ಲ. ಸೊಸೆ ಎಂಬ ನಂಟು ಮಗನಿಂದ ಬಂದದ್ದು. ಅವನು ತೀರಿಕೊಂಡು ಮೂರು ವರ್ಷವಾದರೂ ನೀನು ಈ ಮನೆ ಬಿಡಲಿಲ್ಲ, ನಾನೂ ಆ ವಿಷಯ ಕೆದಕಲಿಲ್ಲ. ಈಗ ನೀನು ಇನ್ನೊಬ್ಬರ ಕೈ ಹಿಡಿದರೆ ನಾನು ನಿನಗೆ ಏನಾಗಬೇಕು? ಅಕ್ಕಪಕ್ಕದವರು ಕೇಳಿದರೆ ಏನು ಹೇಳಲಿ? ಅದಕ್ಕೊಂದು ಪದ ಹುಡುಕಿದೆ, ಸಿಗಲಿಲ್ಲ. ನಾಲ್ಕು ದಿನ ನಿನ್ನ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟಿದ್ದೆ.

ಐದನೆಯ ದಿನ ಹೊರಟೆ. ತಪ್ಪು ಹುಡುಕಲೆಂದೇ ಹೊರಟೆ, ಅದನ್ನೂ ಹೇಳಿಬಿಡುತ್ತೇನೆ.

ಒಳಗೆ ಕಾಲಿಟ್ಟರೆ ಗೋಡೆ ತುಂಬ ತೊಟ್ಟಿ, ಗುಳುಗುಳು ಸದ್ದು, ಪಾಚಿಯ ವಾಸನೆ. ನಿನ್ನ ಮೀನಿನವರು ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸಿ ಗಾಜು ಉಜ್ಜುತ್ತಿದ್ದರು. ಅಂಗಿಯ ಗುಂಡಿಗಳನ್ನು ಒಂದರ ಮನೆಗೆ ಇನ್ನೊಂದು ಹಾಕಿದ್ದರು. ಟೀ ಲೋಟವನ್ನು ಯಾವುದೋ ತೊಟ್ಟಿಯ ಮೇಲಿಟ್ಟು ಮರೆತು, ನಾನಿದ್ದಷ್ಟು ಹೊತ್ತೂ ಅದನ್ನು ಹುಡುಕುತ್ತಿದ್ದರು. ಬಂದ ಕೂಡಲೇ ಎರಡು ದೋಷ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ನಾನು ಯಾರೆಂದು ಹೇಳಲಿಲ್ಲ. ಮೂರಡಿ ತೊಟ್ಟಿ ಇದೆ, ಒಂದೇ ಮೀನು ಬೇಕು, ಜಬರ್ದಸ್ತಾಗಿರಬೇಕು ಎಂದೆ. ಬಾಗಿಲ ಹತ್ತಿರವೇ ಒಂದು ಕೆಂಪು ಮೀನಿತ್ತು. ಹಣೆಯ ಮೇಲೆ ನಿಂಬೆಗಾತ್ರದ ಬುಗುಟು, ನಮ್ಮ ಹಳೆಯ ಹೆಡ್‌ಮಾಸ್ತರರ ಹಾಗೆ ಹೋಗುವವರನ್ನೂ ಬರುವವರನ್ನೂ ದುರುಗುಟ್ಟಿ ನೋಡುತ್ತಿತ್ತು. ಇದನ್ನೇ ಕೊಡಿ ಎಂದೆ. "ಅದಕ್ಕೆ ನಿಮ್ ತೊಟ್ಟಿ ಸಾಲಲ್ಲ ಅಮ್ಮ" ಎಂದರು. ಹಾಗಾದರೆ ಆ ಬೆಳ್ಳಿ ಬಣ್ಣದ ಉದ್ದನೆಯದು ಎಂದೆ. "ಅರೋವಾನ. ಈಗ ಗೇಣುದ್ದ ಇದೆ. ಎರಡು ವರ್ಷ ಬಿಟ್ಟು ನೋಡಿ, ಒಂದೂವರೆ ಮೊಳ ದಾಟಿರುತ್ತೆ. ಮೂರಡೀಲಿ ಪಾಪ ಅದು ತಿರುಗೋದು ಹೇಗೆ?" ಎಂದರು. ಕೊಳ್ಳುತ್ತೇನೆ ಎಂದು ಬಂದವರಿಗೆ ಬೇಡ ಬೇಡ ಎನ್ನುವ ವ್ಯಾಪಾರಿಯನ್ನು ಈ ವಯಸ್ಸಿಗೆ ಮೊದಲ ಸಲ ಕಂಡೆ.

ಆಮೇಲೆ ಶುರುವಾಯಿತು ನೋಡು ಅವರ ಪ್ರಶ್ನೆ. ತೊಟ್ಟಿ ಯಾವ ಗೋಡೆಗಿದೆ, ಬಿಸಿಲು ಬೀಳುತ್ತದೆಯೇ, ಮನೆಯಲ್ಲಿ ಗದ್ದಲ ಹೆಚ್ಚೇ, ನಾನು ಕೂರುವ ಕುರ್ಚಿ ಎಲ್ಲಿದೆ, ದಿನಕ್ಕೆ ಎಷ್ಟು ಹೊತ್ತು ಕೂರುತ್ತೇನೆ. ನಾನು ಬಂದಿರುವುದು ಮೀನು ಕೊಳ್ಳಲೋ ಡಾಕ್ಟರಿಗೆ ಮೈ ತೋರಿಸಲೋ ಎಂದು ಕೇಳಿಯೇ ಬಿಟ್ಟೆ. "ಒಂದೇ ಮೀನು ಅಂದ್ರೆ ದಿನಾ ಅದನ್ನೇ ನೋಡ್ಬೇಕಲ್ಲಮ್ಮ, ನಿಮ್ಗೂ ಅದಕ್ಕೂ ಹೊಂದ್ಬೇಕು" ಎಂದರು.

ತೊಟ್ಟಿ ಹಳೆಯದೇ ಎಂದೂ ಕೇಳಿದರು. ಮಗನದು, ಅವನು ಈಗಿಲ್ಲ ಎಂದೆ. ಈ ಮಾತು ಕೇಳಿದರೆ ಜನ ಏನು ಮಾಡುತ್ತಾರೆಂದು ನಿನಗೂ ಗೊತ್ತು. ಅಯ್ಯೋ ಪಾಪ ಎಂದು ಮುಖ ಕೆಳಗೆ ಹಾಕಿ ಮಾತು ಬದಲಿಸುತ್ತಾರೆ. ಇವರು ಉಜ್ಜುವುದನ್ನು ನಿಲ್ಲಿಸಿ, "ಅವ್ರು ಯಾವ್ಯಾವ ಮೀನು ಇಟ್ಟಿದ್ರು?" ಎಂದು ಕೇಳಿದರು. ಹೇಳಿದೆ. ಕಂಡದ್ದನ್ನೆಲ್ಲ ತಂದು ಸಂಜೆ ಬಸ್ಸಿನ ಹಾಗೆ ತುಂಬಿದ್ದ, ಇಪ್ಪತ್ತೆರಡು ಮೀನು, ಒಂದರ ಬಾಲ ಇನ್ನೊಂದು ಕಚ್ಚುತ್ತಿತ್ತು, ಒಂದೊಂದಕ್ಕೂ ನಮ್ಮ ನೆಂಟರ ಹೆಸರಿಟ್ಟಿದ್ದ, ಚಿಕ್ಕಪ್ಪ ಬಂದಾಗಲೆಲ್ಲ ಚಿಕ್ಕಪ್ಪನ ಮೀನಿನ ಮುಂದೆ ಅವರನ್ನು ಕೂರಿಸುತ್ತಿದ್ದ ಎಂದೆ. ಹೇಳುತ್ತಾ ಹೇಳುತ್ತಾ ನಕ್ಕುಬಿಟ್ಟೆ ಕಣೇ. ಮೂರು ವರ್ಷದಲ್ಲಿ ಅವನ ಮಾತೆತ್ತಿ ನಾನು ನಕ್ಕಿದ್ದು ಅದೇ ಮೊದಲು. ಅವರೂ ನಕ್ಕರು. ಅವನ ಹಾಗೆಯೇ ಮತ್ತೆ ತುಂಬಲೇ ಎಂದು ಕೇಳಿದ್ದಕ್ಕೆ, "ಬೇಡಮ್ಮ, ಅದು ಅವ್ರದ್ದು. ಅವ್ರಷ್ಟು ಚೆನ್ನಾಗಿ ನಮ್ಗೆ ಆಗಲ್ಲ" ಎಂದರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಕೊನೆಗೆ ಮೂಲೆಯ ತೊಟ್ಟಿಯ ಮುಂದೆ ಸ್ಟೂಲ್ ಹಾಕಿ ಕೂರಿಸಿದರು. ಗಿಡದ ಹಿಂದೆ ಅಂಗೈಯುದ್ದದ ಬೂದು ಮೀನೊಂದು ಅವಿತಿತ್ತು. ಇದೇನು ಸಪ್ಪೆ ಮೀನು ತೋರಿಸುತ್ತೀರಿ ಎಂದೆ. ಐದು ನಿಮಿಷ ಸುಮ್ಮನೆ ಕೂತಿರಿ, ಗಾಜು ಮಾತ್ರ ತಟ್ಟಬೇಡಿ ಎಂದು ಹೇಳಿ ಲೋಟ ಹುಡುಕಲು ಹೋದರು. ಹತ್ತು ನಿಮಿಷವಾಯಿತು. ಎದ್ದುಬಿಡೋಣ ಎನ್ನುವಾಗ ಅದು ಮೆಲ್ಲಗೆ ಹೊರಬಂತು. ಏನು ಚೆಲುವು ಅಂತೀಯ. ಮೈತುಂಬ ಮುತ್ತು ಚೆಲ್ಲಿದ ಹಾಗೆ ಚುಕ್ಕೆ, ಮೂತಿಯಿಂದ ಬಾಲದವರೆಗೆ ಒಂದೇ ಒಂದು ಕಪ್ಪು ಗೆರೆ, ಗಂಟಲ ಕೆಳಗೆ ಕಿತ್ತಳೆ ಬಣ್ಣ. ಎದೆಯಿಂದ ಎರಡು ತೆಳ್ಳನೆಯ ಎಳೆ ಇಳಿದಿವೆ, ಅವೇ ಅದರ ಕೈ. ಎಲೆಯನ್ನು ಮುಟ್ಟಿ ನೋಡಿತು, ಕಲ್ಲನ್ನು ಮುಟ್ಟಿ ನೋಡಿತು, ಆಮೇಲೆ ಗಾಜಿನ ಹತ್ತಿರ ಬಂದು ನನ್ನ ಬೆರಳಿದ್ದ ಕಡೆಗೆ ಎಳೆ ಚಾಚಿತು. ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಮತ್ತೆ ನನ್ನ ಮುಂದೆಯೇ ಬಂದು ನಿಂತಿತು. ಪರ್ಲ್ ಗೌರಾಮಿ ಅಂತೆ ಹೆಸರು. ಮೂರಡಿ ಅದಕ್ಕೆ ಧಾರಾಳವಂತೆ, ಮುಚ್ಚಳಕ್ಕೂ ನೀರಿಗೂ ನಡುವೆ ಉಸಿರಾಡಲು ನಾಲ್ಕು ಬೆರಳು ಜಾಗ ಬಿಟ್ಟರೆ ಸಾಕಂತೆ. ಇದೇ ಇರಲಿ ಎಂದೆ.

ಅದಾದ ಮೇಲೆ ಇನ್ನೂ ಮೂರು ಸಲ ಹೋದೆ. ನಿನ್ನನ್ನು ಆಡಿಕೊಳ್ಳುವ ಹಕ್ಕು ಈಗ ನನಗಿಲ್ಲ. ಒಂದು ದಿನ ಬೆನ್ನು ಡೊಂಕಾದ ಪುಟ್ಟ ಮೀನೊಂದಕ್ಕೆ ಚಿಮುಟದಲ್ಲಿ ಹಿಡಿದು ತಿನ್ನಿಸುತ್ತಿದ್ದರು. ಇದನ್ನು ಯಾರು ಕೊಳ್ಳುತ್ತಾರೆ ಎಂದೆ. ಯಾರೂ ಕೊಳ್ಳುವುದಿಲ್ಲ, ಹಸಿವು ಅದಕ್ಕೂ ಇದೆಯಲ್ಲ ಎಂದರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ನನ್ನ ಕಥೆ ಹಾಗಾಯಿತು. ಎಷ್ಟು ಹುಡುಕಿದರೂ ಗುಂಡಿ, ಲೋಟ ಬಿಟ್ಟು ಮೂರನೆಯ ದೋಷ ಸಿಗಲಿಲ್ಲ. ಇಂಥವರನ್ನು ಕಂಡುಹಿಡಿದ ನಿನ್ನ ಕಣ್ಣನ್ನು ಮೆಚ್ಚಬೇಕು. ನನ್ನ ಒಪ್ಪಿಗೆ ಇದೆ, ಮನಸಾರೆ ಇದೆ.

ತೊಟ್ಟಿ ತೊಳೆದು ನೀರು ತುಂಬಿಸಿದ್ದೇನೆ. ನೀರು ಹದಕ್ಕೆ ಬರಲು ಮೂರು ವಾರ ಬೇಕಂತೆ, ಅಲ್ಲಿಯವರೆಗೆ ಮೀನು ಕೊಡುವುದಿಲ್ಲವಂತೆ. ನಿನ್ನೆ ಆ ಖಾಲಿ ನೀರಿನ ಮುಂದೆ ಕೂತಿದ್ದಾಗ ಒಂದು ಕೆಟ್ಟ ಯೋಚನೆ ಬಂತು. ನೀನು ಹೋದ ಮೇಲೆ ಮುದುಕಿಗೆ ನೋಡಿಕೊಂಡಿರಲು ಒಂದು ಜೀವ ಇರಲಿ ಎಂದೇ ಈ ಮೀನು ತರಿಸುತ್ತಿದ್ದೀಯೇನೋ ಎಂದು. ಹಾಗಿದ್ದರೆ ಈಗಲೇ ಹೇಳುತ್ತೇನೆ ಕೇಳು. ಮೀನು ಬಹಳ ಚೆಂದ ಇದೆ, ಆದರೆ ಅದು ನೀನಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಸದ್ಯಕ್ಕೆ ನಿನ್ನ ಅತ್ತೆ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ನಾಲ್ಕನೆಯ ಸಲ ಹೋದಾಗ ನಾನು ಯಾರೆಂದು ಹೇಳಿಬಿಟ್ಟೆ. ಮೂರಡಿ ತೊಟ್ಟಿ ಎಂದ ಕೂಡಲೇ ಗೊತ್ತಾಗಿತ್ತಂತೆ. ಅಂಗಡಿಯ ಮೇಲೆಯೇ ಮನೆ, ಕೈ ತೊಳೆಯುವ ನೆಪದಲ್ಲಿ ಹತ್ತಿ ನೋಡಿಬಂದೆ. ಅವರ ತಾಯಿ ತೀರಿಹೋಗಿ ಆರು ವರ್ಷವಾಯಿತಂತೆ. ಅಂದರೆ ಆ ಮನೆಯಲ್ಲಿ ಅತ್ತೆಯ ಹುದ್ದೆ ಖಾಲಿ ಇದೆ. ನಾನು ಅಲ್ಲೇ ಅರ್ಜಿ ಹಾಕಿದೆ, ಹತ್ತು ವರ್ಷದ ಅನುಭವವಿದೆ ಎಂದೂ ಹೇಳಿದೆ. ಅವರು ನಗಲಿಲ್ಲ. ಈಗಿನ ಸೊಸೆಯಿಂದ ಒಂದು ಶಿಫಾರಸು ಪತ್ರ ತಂದುಕೊಡಿ ಎಂದರು. ಬೇಗ ಬರೆದು ಕಳಿಸು.