ಆಕಿ ನಮ್ಮ ಮಾವಶಿ

ಕಬ್ಬೂರ

ಅಕ್ಕನ ಯಜಮಾನರಾದ ದಾಜಿಯವರಿಗೆ ಉಜ್ವಲಾಳ ನಮಸ್ಕಾರ.

ಕೌಟುಂಬಿಕ ನ್ಯಾಯಾಲಯದ ಆದೇಶದಂತೆ ಪ್ರಾಂಜಲಳನ್ನು ಭಾನುವಾರ ನಿಪ್ಪಾಣಿಗೆ ಕರೆತಂದು ನಿಮಗೆ ಒಪ್ಪಿಸುತ್ತೇನೆ. ತಂದೆಯೇ ಸಹಜ ಪಾಲಕ, ನಾನು ತಾಯಿಯ ತಂಗಿ, ಬರೀ ಮಾವಶಿ ಎಂದು ಅದರಲ್ಲಿದೆ. ಆರು ವರ್ಷ ನೀವು ಇತ್ತ ತಲೆ ಹಾಕಲಿಲ್ಲ. ಆ ಮಾತು ಈಗ ಬೇಡ.

ವಕೀಲರು ಮೇಲ್ಮನವಿ ಹಾಕೋಣ ಎಂದರು. ಒಲ್ಲೆ ಎಂದೆ. ಅಲ್ಲಿಯೂ ಮಗುವನ್ನು ಅದನ್ನೇ ಕೇಳುತ್ತಾರೆ, ಅವಳು ಅದನ್ನೇ ಹೇಳುತ್ತಾಳೆ.

ಜಡ್ಜ್ ಸಾಹೇಬರು ಅವಳನ್ನು ಒಳಗೆ ಕರೆದು ಪ್ರೀತಿಯಿಂದಲೇ ಕೇಳಿದರಂತೆ: "ನಿನ್ನ ಅಮ್ಮ ಎಲ್ಲಿದ್ದಾರೆ ಪುಟ್ಟಿ?"

"ಫೋಟೋದಾಗ ಅದಾಳ್ರಿ."

"ಹೊರಗೆ ಕೂತಿರೋರು?"

"ಆಕಿ ನಮ್ಮ ಮಾವಶಿರಿ."

ಹಾಗೆ ಕಲಿಸಿದವಳು ನಾನೇ. ಹಸಿಗೂಸನ್ನು ನನ್ನ ಉಡಿಗೆ ಹಾಕಿ ಅಕ್ಕ ಕಣ್ಣು ಮುಚ್ಚಿದಳು. ಕೂಸು ನನ್ನನ್ನು ಅವ್ವ ಎಂದಾಗಲೆಲ್ಲ ಫೋಟೋ ತೋರಿಸಿ, "ನಿಮ್ಮವ್ವ ಅಲ್ಲಿ ಅದಾಳ ನೋಡು, ನಾ ಮಾವಶಿ" ಎಂದು ತಿದ್ದುತ್ತಿದ್ದೆ. ಅಕ್ಕನ ಹೆಸರು ಅಳಿಯಬಾರದಲ್ಲ.

ಅಂಗಿಗಳ ಜೊತೆ ಆ ಫೋಟೋವನ್ನೂ ಕಟ್ಟಿದ್ದೇನೆ. ಅವಳ ಕೈಗೆ ಎಟಕುವಷ್ಟು ಕೆಳಗೆ ಮೊಳೆ ಹೊಡೆಯಿರಿ. ಮೊದಲ ತುತ್ತನ್ನು ಅವ್ವನಿಗೆ ತೋರಿಸಿಯೇ ಉಣ್ಣುತ್ತಾಳೆ. ತಲೆ ಬಾಚುವಾಗ ಅಳುತ್ತಾಳೆ, ಎಣ್ಣೆ ಹಚ್ಚಿ ಸಾವಕಾಶ ಸಿಕ್ಕು ಬಿಡಿಸಲು ಮನೆಯಲ್ಲಿ ಹೇಳಿರಿ.

ಇನ್ನೊಂದು ಕೇಳಿಕೊಳ್ಳುವುದಿದೆ. ನಿಮ್ಮ ಈಗಿನ ಹೆಂಡತಿಯನ್ನು ಅವಳು ಅವ್ವ ಎನ್ನಲಿ, ಮಮ್ಮಿ ಎನ್ನಲಿ, ನನ್ನ ತಕರಾರಿಲ್ಲ.

ಮಾವಶಿ ಎಂದು ಮಾತ್ರ ಕರೆಸಬೇಡಿರಿ.

ನಿಮ್ಮ ನಾದಿನಿ,
ಉಜ್ವಲಾ