ರಾಗಿ ಮಿಷನ್ನಿನ ಸದ್ದು

ಚಾಮರಾಜನಗರ
14-6-1999, ಸೋಮವಾರ

ಕುಮಾರನ ಅಪ್ಪನಿಗೆ, ನೀಲಾವತಿಯ ನಮಸ್ಕಾರ.

ನಿಮ್ಮನ್ನು ಹೀಗೆ ಕರೆದೇ ಅಭ್ಯಾಸ. ಈಗ ಬೇರೆ ಹೆಸರು ಹುಡುಕುವುದು ನನ್ನಿಂದಾಗಲಿಲ್ಲ. ಮಂಡಿನೋವು ಹೇಗಿದೆ? ಗುಂಡ್ಲುಪೇಟೆಯಾಚೆ ನಿಮ್ಮ ಮದ್ದೂರು ಕಾಡಿನ ಕಡೆ ಮಳೆ ಹಿಡಿದಿದೆಯಂತೆ, ಒದ್ದೆ ಬೂಟಿನಲ್ಲೇ ಕಾಡು ಸುತ್ತಬೇಡಿ. ಫಾರೆಸ್ಟ್ ಕ್ವಾರ್ಟರ್ಸಿನಲ್ಲಿ ಒಲೆ ಹಚ್ಚುತ್ತೀರೋ, ಇಲ್ಲಾ ರಸ್ತೆ ಬದಿಯ ಚಹಾದಂಗಡಿಯ ಪರೋಟದಲ್ಲೇ ದಿನ ನೂಕುತ್ತೀರೋ? ನಾವು ಚೆನ್ನಾಗಿದ್ದೇವೆ. ಹಾಗೆಂದು ಬರೆದವಳು ಎದ್ದು ಹೋಗಿ ನೀರು ಕುಡಿದು ಬಂದೆ. ಕೂತರೆ ಏಳಬೇಕು, ಎದ್ದರೆ ಯಾಕೆ ಎದ್ದೆ ಅಂತ ಗೊತ್ತಾಗುವುದಿಲ್ಲ. ಒಲೆ ಮೇಲಿನ ಹಾಲು ಮೊನ್ನೆಯಿಂದ ಎರಡು ಸಲ ಉಕ್ಕಿತು.

ಕುಮಾರನ ಕಂಪ್ಯೂಟರಿನ ವಿಷಯ ಬರೆಯಬೇಕಿತ್ತು. ಕಾಮಾಲೆ ಅವನನ್ನು ಕೊಂಡೊಯ್ದ ಮೇಲೆ, ಅವನು ಒಪ್ಪಿಕೊಂಡಿದ್ದ ಲಗ್ನಪತ್ರಿಕೆಗಳನ್ನೆಲ್ಲ ಮೀನಾಳೇ ಕೂತು ಟೈಪು ಮಾಡಿಕೊಟ್ಟಳು, ಅಣ್ಣನ ಮಾತು ಉಳಿಯಲಿ ಅಂತ. ಈಗ ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಬಿಟ್ಟುಬಿಡು ಎನ್ನಲು ನನಗೆ ಬಾಯಿಲ್ಲ. ಆದರೆ ಅದರ ಸದ್ದು! ಆ ಡಬ್ಬಿಯೊಳಗೆ ಪ್ರೊಸೆಸರ್ ಅಂತ ಒಂದಿರುತ್ತದಂತೆ. ಅದು ಕಾಯಬಾರದೆಂದು ಅದರ ಮೇಲೊಂದು ಅಲ್ಯೂಮಿನಿಯಂ ಗಟ್ಟಿ, ಗಟ್ಟಿಯ ಮೇಲೆ ಅಂಗೈಯಷ್ಟೂ ಇಲ್ಲದ ಫ್ಯಾನು. ರಾಗಿ ಮಿಷನ್ನಿನ ಹಾಗೆ ಕಿರುಚುವುದು ಅದೇ. ಕಿತ್ತುಹಾಕಿದರೆ ಪ್ರೊಸೆಸರ್ರೇ ಸುಟ್ಟುಹೋಗುತ್ತದೆ ಎನ್ನುತ್ತಾಳೆ ಮೀನಾ.

ನೀವು ಡ್ಯೂಟಿ ಮುಗಿಸಿ ಊರಿಗೆ ಬಂದಾಗಲೆಲ್ಲ ಬೂಟು ಬಿಚ್ಚುತ್ತಾ ಬಾಗಿಲಿಂದಲೇ "ಏನ್ಲಾ, ಎಷ್ಟ್ ಸೇರು ರಾಗಿ ಬೀಸ್ದೆ ಇವತ್ತು?" ಅನ್ನುತ್ತಿದ್ದಿರಿ. "ಮೂರ್ ಸೇರು ಕಣಪ್ಪ, ಕೂಲಿ ಮಡಗ್ಬುಟ್ಟು ಒಳಕ್ ಬಾ" ಎಂದು ಅವನು ಒಳಗಿಂದ ಕೂಗುತ್ತಿದ್ದ. ಯುಗಾದಿ ಮುಗಿದ ಮರುವಾರ ನೀವು ಹಾಗೇ ಬಂದಿರಿ. ಒಳಗೆ ಸದ್ದಾಗುತ್ತಿತ್ತು. ನಿಮ್ಮ ಬಾಯಿ ತಾನಾಗಿ ಕೇಳಿಬಿಟ್ಟಿತು. ತಿರುಗಿ ನೋಡಿದವಳು ಮೀನಾ. ನೀವು ಬಿಚ್ಚಿದ ಬೂಟನ್ನೇ ಮತ್ತೆ ಹಾಕಿಕೊಂಡು ಹೊರಟಿರಿ. ಮದ್ದೂರಿಗೆ ಹೋದವರು ಇನ್ನೂ ಬಂದಿಲ್ಲ. ರಜಾ ಸಿಗಲಿಲ್ಲ ಎಂದು ಹೇಳಿಕಳಿಸುತ್ತೀರಿ. ರಜೆಯಲ್ಲ, ಆ ಸದ್ದು ಅಂತ ನನಗೆ ಗೊತ್ತು.

ಅದಕ್ಕೇ ಮೊನ್ನೆ ಶಾಂತರಾಜುವಿನ ಕಂಪ್ಯೂಟರ್ ಅಂಗಡಿಗೆ ನಾನೇ ಹೋದೆ. ಸದ್ದು ಮಾಡದ ಫ್ಯಾನು ಕೊಡಪ್ಪ ಎಂದರೆ ನಕ್ಕುಬಿಟ್ಟ. "ಎಲ್ರೂ ಸ್ಪೀಡ್ ಕೇಳ್ತಾರೆ, ಗ್ಯಾರಂಟಿ ಕೇಳ್ತಾರೆ. ಸದ್ದು ವಿಚಾರ್ಸಿದೋರು ನೀವೇ ಮೊದ್ಲು ಕಣಕ್ಕ. ಅಷ್ಟ್ ಬ್ಯಾಡ ಅಂದ್ರೆ ಬೀಸಣಿಗೆ ಇಡ್ಕಂಡು ಪಕ್ದಲ್ಲೇ ಕೂತ್ಕಳಿ" ಅಂದ. ಆದರೂ ಇದ್ದದ್ದನ್ನೆಲ್ಲ ಒಂದೊಂದಾಗಿ ಓಡಿಸಿ ತೋರಿಸಿದ. ಹೊರಗೆ ಬಸ್ಸುಗಳ ಹಾರನ್ನು, ಏನು ಕೇಳಿಸೀತು? ಬಾಗಿಲು ಎಳೆ ಎಂದೆ. ಗೊಣಗುತ್ತಾ ರೋಲಿಂಗ್ ಷಟರ್ ಎಳೆದ. ಮೊದಲನೆಯದು ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ. ಇನ್ನೊಂದು ಚೆನ್ನಾಗಿಯೇ ಶುರುವಾಗಿ, ಆಮೇಲೆ ಅದುರಿ ಗಡಗಡ ಎನ್ನತೊಡಗಿತು. ಕೊನೆಗೆ ಮೂಲೆಯಿಂದ ದಪ್ಪ ಗಟ್ಟಿಯದೊಂದನ್ನು ತೆಗೆದ. ಗಟ್ಟಿ ದೊಡ್ಡದಾದರೆ ಫ್ಯಾನು ಓಡಬೇಕಿಲ್ಲವಂತೆ, ನಡೆದರೆ ಸಾಕಂತೆ. ಕಣ್ಣು ಮುಚ್ಚಿ ಕೇಳಿದೆ. ನನ್ನ ತವರಿನ ರೇಷ್ಮೆಹುಳದ ಮನೆಯಲ್ಲಿ ನಿಂತ ಹಾಗಾಯಿತು. ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟ ಹುಳಗಳು ಹಸಿದು ಸೊಪ್ಪು ತಿನ್ನುವಾಗ ಬರುತ್ತದಲ್ಲ, ಅದೇ ಸಣ್ಣ ಸದ್ದು. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ಮಳೆ ಬಂತೆಂದು ತಂತಿ ಮೇಲಿನ ಬಟ್ಟೆ ತೆಗೆಯಲು ಓಡಿದಿರಿ, ನೆನಪಿದೆಯೇ? "ಅಳಿಯಂದ್ರು ಬಿಸ್ಲಲ್ಲೂ ನೆನೀತಾರೆ" ಅಂತ ನಮ್ಮವ್ವ ವರ್ಷವೆಲ್ಲ ನಗಾಡಿದಳು. ಅಂಗಡಿಯಲ್ಲೇ ನನಗೂ ನಗು ಬಂತು. ಬಹಳ ದಿನದ ಮೇಲೆ ಬಂತು. ಅದನ್ನೇ ಗೊತ್ತುಮಾಡಿ ಬಂದೆ. ನಾಳೆ ಬಂದು ಕೂರಿಸುತ್ತಾನೆ. ಅಷ್ಟು ದಪ್ಪದ್ದು ಕೂತ ಮೇಲೆ ಡಬ್ಬಿಯ ಮುಚ್ಚಳ ಮುಚ್ಚುತ್ತದೋ ಇಲ್ಲವೋ ಎಂದು ನನಗೆ ಈಗಿನಿಂದಲೇ ಚಿಂತೆ.

ನಿಮ್ಮ ಉಣ್ಣೆ ಟೋಪಿ ಒಗೆದು ಇಟ್ಟಿದ್ದೇನೆ. ಮಾದಪ್ಪ ನಿಮ್ಮನ್ನು ಆನೆಯ ದಾರಿಗೆ ಅಡ್ಡ ಬಿಡದೆ ಕಾಯಲಿ.

ಇಂತಿ,
ನೀಲಾವತಿ

ಮಂಗಳವಾರ ಮಧ್ಯಾಹ್ನ: ನಿಮ್ಮ ಜೊತೆ ಕೆಲಸದ ಚಿಕ್ಕಮಾದಯ್ಯ ಗುಂಡ್ಲುಪೇಟೆ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ. ಫ್ಯಾನು ಕೂರಿಸಿ ಆಯಿತು, ಮುಚ್ಚಳವೂ ಮುಚ್ಚಿತು. ಹೊಸ್ತಿಲ ತನಕ ಏನೂ ಕೇಳಿಸುವುದಿಲ್ಲ. ಇನ್ನು ನೀವು ಬರಬಹುದು ಎಂದುಕೊಂಡು ಒಳಗೆ ಹೋದರೆ ಮೀನಾ ಟೈಪು ಮಾಡದೆ ಸುಮ್ಮನೆ ಕೂತಿದ್ದಳು. "ಇನ್ಮೇಲೆ ಅಪ್ಪ ಬಂದ್ರೂ ನಾನು ಒಳ್ಗಿವ್ನಿ ಅಂತ ಗೊತ್ತಾಗಕಿಲ್ಲ, ಅಲ್ವಾ ಅವ್ವ?" ಅಂದಳು. ಅವತ್ತು ನೀವು ಅವಳ ಮುಖ ನೋಡಿ ಹೊರಟುಹೋದಿರಿ ಎಂದೇ ಅವಳು ಇಷ್ಟು ದಿನ ತಿಳಿದಿದ್ದಾಳೆ. ಭಾನುವಾರ ಬನ್ನಿ. ಸದ್ದು ಕೇಳದಿದ್ದರೂ ಬಾಗಿಲಲ್ಲಿ ನಿಂತು, ಎಷ್ಟ್ ಸೇರು ಬೀಸ್ದೆ ಕಣಮ್ಮಿ ಅಂತ ಅವಳನ್ನು ಕೇಳಿ.